ಅಜ್ಜಿಗೆ ಓದಿ ಹೇಳದ ಲೇಖನ

ಸಾಗರ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸುದ್ದಿಯನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದನ್ನು ಬಿಡುತ್ತೇನೆ. ಮೂರನೆಯ ಪುಟದ ಕೊನೆಯಲ್ಲಿ ನಿನ್ನ ಸಂಶೋಧನಾ ಪ್ರಬಂಧದ ಬಗ್ಗೆ ನೀನು ಬರೆದ ಒಂದು ಮಾತು ಮಾತ್ರ ನನ್ನನ್ನು ನಾಲ್ಕು ದಿನಗಳಿಂದ ಕಾಡುತ್ತಿದೆ: ‘ನನ್ನ ಅನುಭವ ಬರೆಯುತ್ತೇನೆಂದು ಹೊರಟು, ಅಮ್ಮನ ಬದುಕನ್ನು ಅವಳನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದೇನೆಯೇ?’

ಸ್ವಂತ ಬದುಕನ್ನೇ ಆಕರವಾಗಿಟ್ಟುಕೊಂಡು ಒಂದು ಸಮುದಾಯದ ಸಂಸ್ಕೃತಿಯನ್ನು ಅರಿಯುವ, ನೀವು ಆಟೋಎಥ್ನಾಗ್ರಫಿ ಎನ್ನುವ ಈ ವಿಧಾನವನ್ನು ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕೇಳಿರಲಿಲ್ಲ. ಇದು ಸಂಶೋಧನೆಯೇ ಅಲ್ಲ ಎನ್ನುವವರ ಮಾತಿಗೆ ನೀನು ಅಂಜಬೇಕಾಗಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಕ್ಷೇತ್ರಕಾರ್ಯ ಮಾಡಿ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದಾಗ, ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಆ ಹಳ್ಳಿಯ ಪುಸ್ತಕ ಬರೆದರು. 1976ರಲ್ಲಿ ಅದು ಹೊರಬಂತು. ಆದರೆ ನಿನ್ನ ಭಯ ಅದಲ್ಲ, ಅಮ್ಮನನ್ನು ಕುರಿತದ್ದು.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿಲ್ಲ. ಮೂವತ್ತರ ವಯಸ್ಸಿನಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ ನಮ್ಮ ಊರುಗಳು ಮುಳುಗಡೆಯಾದದ್ದರ ಮೇಲೆ ಒಂದು ಲೇಖನ ಬರೆದೆ. ಅದಕ್ಕಾಗಿ ನಿನ್ನ ಅಜ್ಜಿಯ ಎದುರು ಟೇಪ್ ರೆಕಾರ್ಡರ್ ಇಟ್ಟು ಎರಡು ಸಂಜೆ ಮಾತಾಡಿಸಿದ್ದೆ. ಹೆಂಚು ಇಳಿಸಿ ಲಾರಿಗೆ ಹೇರಿದ ಮೇಲೆ, ಸೂರಿಲ್ಲದ ಅಡುಗೆಮನೆಯಲ್ಲಿ ಎರಡು ದಿನ ಗಂಜಿ ಬೇಯಿಸಿದ್ದನ್ನು ಹೇಳುತ್ತ ಅವಳು ಅತ್ತಳು. ‘ಮಾಹಿತಿ ನೀಡಿದ ವೃದ್ಧೆ ಈ ಹಂತದಲ್ಲಿ ಭಾವುಕರಾದರು’ ಎಂದು ಬರೆದೆ. ಆ ವೃದ್ಧೆ ನನ್ನ ಹೆತ್ತ ತಾಯಿಯೆಂದಾಗಲಿ, ಆ ಅಡುಗೆಮನೆಯಲ್ಲಿ ಒಂಬತ್ತು ವರ್ಷದ ನಾನೂ ಇದ್ದೆನೆಂದಾಗಲಿ ಒಂದಕ್ಷರವೂ ಅಲ್ಲಿಲ್ಲ. ವಸ್ತುನಿಷ್ಠವಾಗಿರಬೇಕೆಂದು ಕಲಿತಿದ್ದೆ, ನಿಜ. ಆದರೆ ಮುಚ್ಚಿಟ್ಟದ್ದಕ್ಕೆ ನಾಚಿಕೆಯೂ ಕಾರಣ. ಸೂರಿಲ್ಲದ ಮನೆಯಲ್ಲಿ ನಕ್ಷತ್ರ ನೋಡುತ್ತ ಮಲಗಿದ್ದು, ಮೊದಲ ಸಲ ಲಾರಿ ಹತ್ತಿದ್ದು, ಇವೆಲ್ಲ ನನಗೆ ಹಬ್ಬವಾಗಿದ್ದವು. ನಾವು ಮಕ್ಕಳು ಕುಣಿಯುತ್ತಿದ್ದರೆ ಅಳುತ್ತಿದ್ದ ಹೆಂಗಸರು ನಮ್ಮನ್ನು ಗದರಲಿಲ್ಲ. ಊರು ಬಿಡುವ ನೋವನ್ನು ಒಂದು ಮನೆ ಹೇಗೆ ತಾಳಿಕೊಂಡಿತೆಂಬುದು ಆ ಗದರದ ಮೌನದಲ್ಲಿತ್ತು, ಅದನ್ನು ಬಲ್ಲವನು ನಾನೊಬ್ಬನೇ ಇದ್ದೆ. ಆದರೂ ‘ಇಡೀ ಊರು ದುಃಖದಲ್ಲಿತ್ತು’ ಎಂದು ಬರೆದು ಮುಗಿಸಿದೆ. ಅದು ಸುಳ್ಳು.

ಲೇಖನ ಅಚ್ಚಾಗಿ ಬಂದ ದಿನ ಅಜ್ಜಿ, ‘ನನ್ ವಿಷಯ ಏನಂತ ಬರ್ದೆ?’ ಎಂದು ಕೇಳಿದಳು. ‘ಅದು ಕಾಲೇಜಿನವರಿಗೆ, ಅಮ್ಮ’ ಎಂದೆ. ಅವಳು ಮತ್ತೆ ಕೇಳಲಿಲ್ಲ. ನಿನ್ನ ಪತ್ರ ಓದಿದಾಗ, ಅವಳ ಪ್ರಶ್ನೆಯೇ ಇಷ್ಟು ವರ್ಷಗಳ ನಂತರ ತಿರುಗಿ ಬಂದಂತಾಯಿತು.

ನೀನು ಬರೆದ, ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ಎಲಿಸ್ ಅವರ ಪ್ರಸಂಗವನ್ನು ಎರಡು ಸಲ ಓದಿದೆ. ಅಲ್ಲಿನ ಚೆಸಪೀಕ್ ಕೊಲ್ಲಿಯ ಮೀನುಗಾರರ ನಡುವೆ ವರ್ಷಗಳ ಕಾಲ ಓಡಾಡಿ ಅವರು 1986ರಲ್ಲಿ ತಂದ ಪುಸ್ತಕದಲ್ಲಿ ಹೆಸರುಗಳನ್ನು ಬದಲಿಸಿದ್ದರೂ, ಇನ್ನೊಬ್ಬ ಸಂಶೋಧಕರು ಓದಿ ಹೇಳಿದಾಗ ಆ ಜನ ತಮ್ಮನ್ನು ಗುರುತಿಸಿಕೊಂಡು ನೊಂದರಲ್ಲವೇ? ನಿನ್ನ ವಿಷಯದಲ್ಲಂತೂ ಹೆಸರು ಬದಲಿಸಿ ಉಪಯೋಗವಿಲ್ಲ. ಪ್ರಬಂಧದ ಮೇಲೆ ನಿನ್ನ ಹೆಸರಿರುತ್ತದೆ. ನಿನ್ನ ಅಮ್ಮ ಯಾರೆಂದು ಇಡೀ ಸೀಮೆಗೇ ಗೊತ್ತು. ಆ ವರ್ಷ ನಡೆದದ್ದನ್ನು ನಾನು ಇಲ್ಲಿ ಎತ್ತುವುದಿಲ್ಲ.

ಏನು ಮಾಡಬೇಕೆಂದು ಹೇಳುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ಆದರೂ, ಬರೆದಷ್ಟನ್ನು ಆಗಾಗ ಅವಳಿಗೆ ಓದಿ ಹೇಳು; ಅಡಿಕೆ ಸುಲಿಯುತ್ತ ಕೂತಾಗಲಾದರೂ ಸರಿ. ಒಪ್ಪಿಗೆಯೆಂಬುದು ಒಮ್ಮೆ ಸಹಿ ಹಾಕಿಸಿಕೊಂಡರೆ ಮುಗಿಯುವ ಕೆಲಸವೆಂದು ನನಗೆ ತೋರುವುದಿಲ್ಲ, ಇಂದು ‘ಆಗಲಿ’ ಎಂದವಳು ಮುಂದಿನ ತಿಂಗಳು ಬೇಡವೆನ್ನಬಹುದು. ತೆಗೆ ಎಂದರೆ ತೆಗೆದುಬಿಡು. ಅಂದು ಅನಿಸಿದ್ದನ್ನೂ ಇಂದು ಅನಿಸುವುದನ್ನೂ ಬೇರೆ ಬೇರೆಯಾಗಿ, ದಿನಾಂಕ ಹಾಕಿ ಬರೆದಿಡು. ಅದೇ ದಿನವನ್ನು ನಿನ್ನ ಮಾವ ಬೇರೆ ಬಗೆಯಲ್ಲಿ ಹೇಳಿದರೆ ಅದನ್ನೂ ಬರೆದುಕೋ. ಯಾರೋ ಒಬ್ಬರು ಸುಳ್ಳಾಡುತ್ತಿದ್ದಾರೆಂದು ತಿಳಿಯಬೇಡ. ಅಮ್ಮನನ್ನು ಕಾಯುತ್ತೇನೆಂದು ನಿನ್ನನ್ನೇ ಅಳಿಸಿಹಾಕಿಕೊಳ್ಳಬೇಡ ಎಂದೂ ಬೇಡಿಕೊಳ್ಳುತ್ತೇನೆ. ನಾನು ಹಾಗೆ ಮಾಡಿದ್ದರಿಂದ ಅಜ್ಜಿಗೆ ಯಾವ ರಕ್ಷಣೆಯೂ ಸಿಗಲಿಲ್ಲ.

ಅವಳ ಎರಡೂ ಕ್ಯಾಸೆಟ್ಟುಗಳು ನನ್ನ ಟ್ರಂಕಿನಲ್ಲಿವೆ. ಎರಡನೆಯದರ ಕೊನೆಯಲ್ಲಿ ‘ನಿಂಗೂ ನೆನಪಿದ್ಯಾ?’ ಎಂದು ಅವಳು ನನ್ನನ್ನು ಕೇಳುತ್ತಾಳೆ. ಆಮೇಲೆ ನಾನು ಗುಂಡಿ ಒತ್ತಿ ಟೇಪು ನಿಲ್ಲಿಸಿದ ಸದ್ದು ಮಾತ್ರ ಇದೆ. ಬಂದಾಗ ಅವನ್ನು ತೆಗೆದುಕೊಂಡು ಹೋಗು. ಅಮ್ಮನಿಗೆ ಓದಿ ಹೇಳಿದ ದಿನ ಅವಳು ಏನೆಂದಳೆಂದು ಬರೆ.

ನಿನ್ನ ದೊಡ್ಡಪ್ಪ