ಕೊನೆಯ ಕ್ಲಾಸ್ ಮುಗಿಸಿದ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. "ಅಪ್ಪಾ, ಕೊನೆಯ ಕ್ಲಾಸ್ ಮುಗೀತು. ಏನೂ ಆಗ್ಲಿಲ್ಲ" ಅಂದೆ. ಮೇಡಂ ಎಂದಿನ ಹಾಗೆ ಪಾಠ ಮಾಡಿ, ಹಾಜರಿ ತೆಗೆದುಕೊಂಡು, ಚೆನ್ನಾಗಿ ಓದಿಕೊಳ್ಳಿ ಎಂದು ಹೇಳಿ ಹೊರಟರಂತೆ. ಪ್ರೊಜೆಕ್ಟರ್ ಆಫ್ ಮಾಡಿದ ಮೇಲೂ ಅದರ ಫ್ಯಾನ್ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು, ಅದು ನಿಲ್ಲೋವರೆಗೂ ಬೆಂಚಿನಿಂದ ಏಳೋಕೆ ಮನಸ್ಸಾಗ್ಲಿಲ್ಲ ಅಂದೆ. ಆಮೇಲೆ ಸುಮ್ಮನಾದೆ. ನನಗೂ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಕೊನೆಯ ಕ್ಲಾಸ್ ಗಣಿತದ್ದು. ಸಿಲಬಸ್ ಹಿಂದಿನ ದಿನವೇ ಮುಗಿದಿತ್ತು. "ಪರೀಕ್ಷೆಗೆ ಬರಲ್ಲ, ಆದರೂ ಇದೊಂದು ನೋಡಿಬಿಡಿ" ಎಂದು ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಕ್ಯಾಂಟರ್ ಎಂಬ ಗಣಿತಜ್ಞ 1891ರಲ್ಲಿ ತೋರಿಸಿಕೊಟ್ಟ ದಾರಿ ಅದು. ಸೊನ್ನೆಗೂ ಒಂದಕ್ಕೂ ನಡುವೆ ಇರುವ ಸಂಖ್ಯೆಗಳನ್ನೆಲ್ಲ ಕೊನೆಯಿಲ್ಲದ ದಶಮಾಂಶಗಳಾಗಿ ಒಂದರ ಕೆಳಗೊಂದು ಪಟ್ಟಿ ಮಾಡಿದ್ದೀವಿ ಅಂದುಕೊಳ್ಳಿ ಎನ್ನುತ್ತ ಅಂಕಿಗಳ ಸಾಲುಗಳನ್ನು ಬರೆದರು. ಆಮೇಲೆ ಮೇಲಿನ ಎಡ ಮೂಲೆಯಿಂದ ಓರೆಯಾಗಿ ಒಂದು ಗೆರೆ ಎಳೆದರು. ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಮೂರನೆಯದರ ಮೂರನೆಯದು. ನಡುವೆ ಸೀಮೆಸುಣ್ಣ ಮುರಿಯಿತು. ಕೈಯಲ್ಲಿ ಉಳಿದ ಚೂರಿನಲ್ಲೇ ಗೆರೆ ಮುಂದುವರಿಸಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. "ಈ ಗೆರೆ ಮೇಲಿರೋ ಒಂದೊಂದು ಅಂಕಿಯನ್ನೂ ಬದಲಾಯಿಸಿ ನೋಡಿ, ಉಳಿದದ್ದು ನಿಮಗೇ ಹೊಳೆಯುತ್ತೆ" ಎಂದು ಕೈ ಒರೆಸಿಕೊಂಡು ಹೋದರು.

ನಾವು ಗದ್ದಲ ಮಾಡುತ್ತ ಹೊರಗೆ ಬಂದೆವು. ಯಾರೂ ಅವರ ಹಿಂದೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ನೀನು ಆರು ವರ್ಷದವಳಿದ್ದಾಗ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು ಅಂತ ಕೇಳಿದ್ದೆ, ನೆನಪಿದೆಯಾ? ನೀನು ಒಂದು ಹೇಳು, ನಾನು ಅದಕ್ಕೆ ಒಂದು ಸೇರಿಸ್ತೀನಿ ಅಂತ ನಾನಂದೆ. ಆಡುತ್ತ ಆಡುತ್ತ ನೀನು ನಿದ್ದೆ ಹೋದೆ. ಆ ರಾತ್ರಿ ನನ್ನ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಓರೆ ಗೆರೆ ಹಾಗೇ ಇತ್ತು. ಅದರ ಕೆಳಗೆ ಅರ್ಧ ಪುಟ ಖಾಲಿ. ಪೆನ್ಸಿಲ್ ಹಿಡಿದು ಕೂತೆ. ಗೆರೆಯ ಮೇಲಿನ ಅಂಕಿಗಳನ್ನು ಬದಲಾಯಿಸಿದರೆ ಒಂದು ಹೊಸ ಸಂಖ್ಯೆ ಸಿಗುತ್ತದೆ. ಅದು ಮೊದಲನೆಯದಕ್ಕಿಂತ ಮೊದಲ ಅಂಕಿಯಲ್ಲಿ ಬೇರೆ, ಎರಡನೆಯದಕ್ಕಿಂತ ಎರಡನೆಯ ಅಂಕಿಯಲ್ಲಿ ಬೇರೆ. ಹೀಗೆ ಕೊನೆಯಿಲ್ಲದೆ. ಅಂದರೆ ಅದು ಪಟ್ಟಿಯಲ್ಲಿ ಎಲ್ಲೂ ಇಲ್ಲ! ಎಂಥ ಪಟ್ಟಿ ಮಾಡಿದರೂ ಒಂದು ಹೊರಗೇ ಉಳಿಯುತ್ತದೆ. ಹೊಳೆದಾಗ ಮೈ ಜುಮ್ಮೆಂದಿತು. ಮೇಷ್ಟ್ರಿಗೆ ಹೇಳಲೇಬೇಕು ಅನ್ನಿಸಿತು. ವಿಚಾರಿಸಿದರೆ, ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ನಾನು ಗಣಿತ ಬಿಟ್ಟು ಬೇರೆ ಕೆಲಸ ಹಿಡಿದವನು. ಆದರೆ ಆ ಕೊನೆಯ ಕ್ಲಾಸಿನ ಅರ್ಧ ಗಂಟೆ ನನ್ನ ಜೊತೆಗೇ ಬಂದಿದೆ.

ಇಷ್ಟು ವರ್ಷದಲ್ಲಿ ಏನು ಕಲಿತೆ ಅಂತ ಪಟ್ಟಿ ಮಾಡೋಕೆ ಹೋದೆ, ಅರ್ಧ ಪುಟಾನೂ ತುಂಬಲಿಲ್ಲ ಅಂದೆಯಲ್ಲ. ಬೇಜಾರು ಮಾಡಿಕೊಳ್ಳಬೇಡ. ಮೊದಲ ವರ್ಷ ನೀನು ಕ್ಲಾಸಿನಲ್ಲಿ ಡೌಟ್ ಕೇಳೋಕೂ ಹೆದರುತ್ತಿದ್ದೆ. ಎಲ್ಲರೂ ನಗ್ತಾರೆ ಅಂತ ಅತ್ತಿದ್ದೂ ಉಂಟು. ಮೊನ್ನೆ ಫೋನಿನಲ್ಲಿ ಮಾತಾಡುವಾಗ ನಡುವೆ ಯಾರೋ ಜೂನಿಯರ್ ಬಂದು ಏನೋ ಕೇಳಿದಳು. "ಎಲ್ಲಿವರೆಗೆ ಅರ್ಥ ಆಯ್ತು ಹೇಳು, ಅಲ್ಲಿಂದ ಶುರು ಮಾಡೋಣ" ಅಂದೆ ನೀನು. ಫೋನ್ ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡೆ. ತುಂಬಾ ಹೆಮ್ಮೆಯಾಯಿತು. ಇದನ್ನು ನಿನ್ನ ಪಟ್ಟಿಯಲ್ಲಿ ಬರೆದಿದ್ದೀಯಾ?

ಇನ್ನೊಂದು ಕೆಲಸ ಇವತ್ತೇ ಮಾಡು. ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ. ಮರೆವು ಶುರುವಿನಲ್ಲೇ ಜಾಸ್ತಿ, ಆಮೇಲೆ ನಿಧಾನ ಅಂತ ಅವನಿಗೆ ಕಂಡಿತು. ಕ್ಲಾಸ್‌ರೂಮ್ ಅಂಥ ಅಕ್ಷರಗಳ ಸಾಲಲ್ಲ, ನಿಜ. ಆದರೂ ಯಾರು ಎಲ್ಲಿ ಕೂರುತ್ತಿದ್ದರು, ಯಾವ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ನೀನೂ ನಿನ್ನ ಗೆಳತಿಯೂ ನೋಟ್ಸ್ ಅಂಚಿನಲ್ಲಿ ಏನೇನು ಬರೆದುಕೊಳ್ಳುತ್ತಿದ್ದಿರಿ, ಬರೆದಿಡು. ಆ ಕೊನೆಯ ಕ್ಲಾಸಿನಲ್ಲಿ ನನ್ನ ಎಡಗಡೆ ಕೂತಿದ್ದವರು ಯಾರು ಅಂತ ನನಗೀಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಸಂಕಟವಾಗುತ್ತದೆ, ಪುಟ್ಟಿ.

ಲೈಬ್ರರಿ ಪುಸ್ತಕ ವಾಪಸ್ ಕೊಡೋಕೆ ಹೋಗಬೇಕು ಅಂದಿದ್ದೆ. ಮೇಡಂ ರೂಮ್ ಅದೇ ಕಟ್ಟಡದಲ್ಲೇ ಇರೋದು ಅಲ್ವಾ? ಎರಡನೇ ವರ್ಷ ನಿನ್ನ ಅಸೈನ್‌ಮೆಂಟ್ ಅಂಚಿನಲ್ಲಿ ಕೆಂಪು ಇಂಕಿನಲ್ಲಿ "ಯಾಕೆ?" ಅಂತ ಒಂದೇ ಪದ ಬರೆದು ವಾಪಸ್ ಕೊಟ್ಟಿದ್ದರಲ್ಲ, ನೀನು ಮೂರು ರಾತ್ರಿ ಕೂತು ಎಲ್ಲ ಹೊಸದಾಗಿ ಬರೆದೆಯಲ್ಲ, ಅದನ್ನು ಅವರಿಗೆ ಹೇಳು. ಅವರಿಗೆ ಅದು ಮರೆತೇ ಹೋಗಿರಬಹುದು. ಆದರೂ ಹೇಳು.

ಸಂಜೆ ಫೋನ್ ಮಾಡು. ಅವರು ಏನಂದರು ಅಂತ ಕೇಳೋಕೆ ಕಾಯ್ತಾ ಇರ್ತೀನಿ.

ನಿನ್ನ
ಅಪ್ಪ