ಅದು ಟೈಟಾನಿಕ್ ಅಲ್ಲ ಸ್ವಾಮಿ!

ಸಂಪಾದಕರೇ,

ನಮ್ಮ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ‘ಟೈಟಾನಿಕ್‌ನ ಅಸಲಿ ವಿಡಿಯೊ’ ಅಂತ ಒಂದು ಸುತ್ತುತ್ತಿದೆ. ಅದರಲ್ಲಿರುವುದು ಟೈಟಾನಿಕ್ ಅಲ್ಲ, ಅದರದೇ ಅಚ್ಚಿನ ಒಲಿಂಪಿಕ್ ಎಂಬ ಇನ್ನೊಂದು ಹಡಗು. ಬಿಳಿ ಸಮವಸ್ತ್ರದ ಕ್ಯಾಪ್ಟನ್ ಸ್ಮಿತ್ ಕಾಣಿಸುತ್ತಾರೆ ನಿಜ. ಆದರೆ 1911ರಲ್ಲಿ ಒಲಿಂಪಿಕ್‌ಗೂ ಅವರೇ ಕ್ಯಾಪ್ಟನ್. ಅಲ್ಲಿ ಕಾಣುವುದು ನ್ಯೂಯಾರ್ಕ್ ಬಂದರು. 1912ರ ಏಪ್ರಿಲ್ 15ರಂದು ಮುಳುಗಿದ ಟೈಟಾನಿಕ್ ನ್ಯೂಯಾರ್ಕ್ ಮುಟ್ಟಲೇ ಇಲ್ಲ, ಅಲ್ವಾ?

ಮಜಾ ಏನೆಂದರೆ ಇದು ಮೊಬೈಲ್ ಕಾಲದ ಮೋಸವೇ ಅಲ್ಲ. ಹಡಗು ಮುಳುಗಿದಾಗ ಅದರ ದೃಶ್ಯ ಸಿಗದ ಸುದ್ದಿಚಿತ್ರದವರು ಒಲಿಂಪಿಕ್‌ನ ಹಳೆ ರೀಲನ್ನೇ ತೋರಿಸಿದರು, ಜನಕ್ಕೆ ಗೊತ್ತಾಗಬಾರದೆಂದು ಜೊತೆಗಿದ್ದ, ಹಡಗು ಎಳೆಯುವ ನ್ಯೂಯಾರ್ಕ್‌ನ ಟಗ್ ದೋಣಿಗಳ ಹೆಸರನ್ನು ಫಿಲ್ಮ್ ಮೇಲೆಯೇ ಕೆರೆದು ಹಾಕಿದರು. ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ, ಆ ಗೀರುಗಳು ಕಾಣುತ್ತವೆ. ಟೈಟಾನಿಕ್‌ನದ್ದೇ ಅಂತ ಉಳಿದಿರುವುದು ಹಡಗು ಕಟ್ಟಿದ ಊರಾದ ಬೆಲ್‌ಫಾಸ್ಟ್‌ನಲ್ಲಿ ತೆಗೆದ ಪುಟ್ಟ ತುಣುಕು. ಅದನ್ನು ಯಾರೂ ಜಾಸ್ತಿ ಹಂಚುವುದಿಲ್ಲ, ಪಾಪ, ಅದರಲ್ಲಿ ಹಡಗು ಸುಮ್ನೆ ನಿಂತಿರುತ್ತದೆ.

1935ರವರೆಗೆ ದುಡಿದ ಒಲಿಂಪಿಕ್‌ನ ಹೆಸರೇ ಹೇಳದೆ ಅದರ ಚಿತ್ರ ಬಳಸುವುದು ನನಗಂತೂ ಸರಿ ಕಾಣುವುದಿಲ್ಲ. ಪತ್ರಿಕೆಗಳಾದರೂ ಇಂಥ ಹಳೆ ದೃಶ್ಯ ಹಾಕುವಾಗ ಯಾವ ಹಡಗು, ಯಾವ ಊರು, ಯಾವ ವರ್ಷ ಅಂತ ಒಂದು ಸಾಲು ಕೊಡಲಿ.

– ಓದುಗ, ಹಾಸನ