ಬಳೆ ಸದ್ದು, ಕೆಂಪು ದೀಪ ಮತ್ತು ನಮ್ಮ ಭಾನುವಾರ

ರೇಡಿಯೋ ಸ್ಟುಡಿಯೋದಲ್ಲಿ ನನಗೆ ಮೊದಲು ಕಷ್ಟ ಕೊಟ್ಟದ್ದು ಮೈಕಲ್ಲ, ಬಳೆ.

ಅವತ್ತು ಅತಿಥಿಯಾಗಿ ಬಂದವರು ಶಿರಸಿ ಕಡೆಯ ಒಬ್ಬ ಅಜ್ಜಿ. ಮಗಳ ಬಾಣಂತನಕ್ಕೆಂದು ಮೆಲ್ಬರ್ನಿಗೆ ಬಂದಿದ್ದರು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಮಾತಾಡುವಾಗ ಕೈ ಸುಮ್ಮನಿರುವುದಿಲ್ಲ. ಹಿತ್ತಲಲ್ಲಿ ಬಸಳೆ ಚಪ್ಪರ ಹಾಕಿದ್ದು, ಇಲ್ಲಿನ ಚಳಿಗೆ ಅದು ಮುದುರಿ ಕೂತದ್ದು, ಗಾಜಿನ ಕಿಟಕಿ ಪಕ್ಕ ಕುಂಡದಲ್ಲಿ ಮತ್ತೆ ಚಿಗುರಿಸಿದ್ದು, ಎಲ್ಲವನ್ನೂ ಕೈಯಲ್ಲೇ ತೋರಿಸುತ್ತಿದ್ದರು. ಪ್ರತಿ ವಾಕ್ಯಕ್ಕೂ ಮೇಜಿನ ಮೇಲೆ ಒಂದು ಝಲ್. ಮೈಕಿಗೆ ಅದು ತಟ್ಟೆ ಬಿದ್ದ ಹಾಗೆ ಕೇಳಿಸುತ್ತದೆ. ಗಾಜಿನ ಆಚೆ ಕೂತಿದ್ದ ಸ್ಟೇಷನ್ನಿನ ಸ್ವಯಂಸೇವಕರು ಮಣಿಕಟ್ಟು ಮುಟ್ಟಿಕೊಂಡು ‘ತೆಗೆಸು, ತೆಗೆಸು’ ಎಂದು ಸನ್ನೆ ಮಾಡುತ್ತಿದ್ದಾರೆ. ಅವರಿಗೇನು ಗೊತ್ತು? ಆ ವಯಸ್ಸಿನ ಮುತ್ತೈದೆಗೆ ಬಳೆ ತೆಗೀರಿ ಅನ್ನೋಕೆ ಯಾವ ಬಾಯಿ ಬರುತ್ತದೆ? ಹಾಡು ಹಾಕಿ, ನನ್ನ ಉಣ್ಣೆ ಕೋಟನ್ನು ಮೇಜಿನ ಮೇಲೆ ಹಾಸಿದೆ.

“ಎಂತದಾ ತಮಾ, ಟೇಬಲ್ಲಿಗೂ ಚಳಿಯಾ?” ಎಂದರು ಅಜ್ಜಿ.

ಈ ಮಾತು ಪ್ರಸಾರವಾಗಲಿಲ್ಲ, ಹಾಡು ಹೋಗುತ್ತಿತ್ತಲ್ಲ. ನಮ್ಮ ಕಾರ್ಯಕ್ರಮದ ಒಳ್ಳೆಯ ಮಾತುಗಳೆಲ್ಲ ಹೀಗೇ. ಪ್ರಸಾರದ ಕೆಂಪು ದೀಪ ಆರಿದ ಮೇಲೆ ಬರುತ್ತವೆ.

ಇಲ್ಲಿನ ಸಮುದಾಯ ರೇಡಿಯೋದಲ್ಲಿ ನಮ್ಮ ಕನ್ನಡ ಸಂಘದ ಕಾರ್ಯಕ್ರಮ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಅರ್ಧ ಗಂಟೆ. ಮುಕ್ಕಾಲು ಪಾಲು ಕನ್ನಡ, ಕಾಲು ಪಾಲು ಇಂಗ್ಲಿಷ್. ಶುರು ಮಾಡಿದಾಗ ನಾಲ್ಕು ಚಿತ್ರಗೀತೆ, ಸಂಘದ ಪ್ರಕಟಣೆ, ಹಬ್ಬಕ್ಕೊಂದು ಶುಭಾಶಯ ಅಂದುಕೊಂಡಿದ್ದೆವು. ಹಾಡು ಈಗ ಎಲ್ಲರ ಜೇಬಿನಲ್ಲೂ ಇದೆ. ಪಕ್ಕದ ಬೀದಿಯವರ ಕಥೆ ಮಾತ್ರ ಯಾರ ಜೇಬಿನಲ್ಲೂ ಇಲ್ಲ. ಹಾಗಾಗಿ ಸಂದರ್ಶನಕ್ಕೆ ಇಳಿದೆವು.

ಇಳಿದ ಮೇಲೆ ಗೊತ್ತಾಯಿತು, ಕೆಂಪು ದೀಪ ಹತ್ತಿದ ಕೂಡಲೇ ನಮ್ಮವರ ಕನ್ನಡ ಇಸ್ತ್ರಿ ಮಾಡಿಕೊಂಡು ಬರುತ್ತದೆ. ದಾವಣಗೆರೆ ಕಡೆಯ ಒಬ್ಬರು ಇಲ್ಲಿ ಟ್ರಾಮ್ ಓಡಿಸುತ್ತಾರೆ. ಕಾಫಿ ಕುಡಿಯುವಾಗ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದ ಮನುಷ್ಯ. ಮೈಕ್ ಮುಂದೆ ಕೂತು, “ಪ್ರಪ್ರಥಮವಾಗಿ ತಮಗೆಲ್ಲರಿಗೂ ವಂದಿಸುತ್ತಾ, ನಾನು ಈ ದೇಶಕ್ಕೆ ಆಗಮಿಸಿದ ಸಂದರ್ಭದಲ್ಲಿ ಅನೇಕ ಸವಾಲುಗಳನ್ನು ಎದುರಿಸಬೇಕಾಯಿತು” ಎಂದರು. ಯಾವ ಸವಾಲು ಸಾರ್, ಎಂದೆ. “ಅನೇಕ” ಎಂದರು. ಮುಗಿಯಿತು.

ಅದು ಅವರ ತಪ್ಪಲ್ಲ. ನಾನು ಕೇಳಿದ್ದು ‘ನಿಮ್ಮ ಅನುಭವ ಹಂಚಿಕೊಳ್ಳಿ’ ಎಂದು. ಅಂಥ ಪ್ರಶ್ನೆಗೆ ಅಂಥದೇ ಉತ್ತರ. ಆಮೇಲೆ ಸುಮ್ನೆ ಕೇಳಿದೆ, ಮೊದಲ ದಿನ ಡಿಪೋಗೆ ಬುತ್ತಿ ಏನು ಒಯ್ದಿದ್ರಿ?

“ಒಗ್ಗರಣೆ ಮಂಡಕ್ಕಿ. ಅಲ್ಲಿ ಒಬ್ಬ ಪಾಪ್‌ಕಾರ್ನ್ ಅಂದ್ಕೊಂಡು ಕೈ ಹಾಕ್ದ. ಅವನ ಹಣೆಬರಹಕ್ಕೆ ಮೊದಲೇ ಮೆಣಸಿನಕಾಯಿ ಸಿಗಬೇಕಾ?”

ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಟ್ರಾಮ್ ಒಂದಕ್ಕೆ ಮೂವತ್ತು ಘೇಂಡಾಮೃಗದ ತೂಕ ಎಂದು ಇಲ್ಲಿ ಹಿಂದೊಮ್ಮೆ ಜಾಹೀರಾತು ಮಾಡಿದ್ದರು, ನೆನಪಿದೆಯಾ? ಆ ಮೂವತ್ತನ್ನೂ ಮಳೆ ಬಿದ್ದ ಹಳಿಯ ಮೇಲೆ ನಿಲ್ಲಿಸೋದು ಹೇಗೆ ಎಂದು ಅವರು ವಿವರಿಸಿದ್ದು ಕೇಳಬೇಕಿತ್ತು. ಹಳಿಯ ಮೇಲೆ ಮರಳು ಉದುರಿಸುತ್ತಾರಂತೆ. ಚಕ್ರಕ್ಕೆ ಹಿಡಿತ ಸಿಗಲಿ ಎಂದು. ಇಷ್ಟು ವರ್ಷ ಟ್ರಾಮಿನಲ್ಲೇ ಓಡಾಡಿದ ನನಗೆ ಇದು ಗೊತ್ತಿರಲಿಲ್ಲ.

ಈಗ ನಾನು ಸಾಧನೆ, ಸವಾಲು, ಸಂದೇಶ ಮೂರನ್ನೂ ಕೇಳುವುದಿಲ್ಲ. ಬರುವಾಗ ಸೂಟ್‌ಕೇಸಿನಲ್ಲಿ ಏನಿತ್ತು, ಮೊದಲ ಸಂಬಳದಲ್ಲಿ ಏನು ಕೊಂಡ್ರಿ, ಇದನ್ನು ಕೇಳುತ್ತೇನೆ.

ನಿಯಮಗಳ ಬಗ್ಗೆ ಎರಡು ಮಾತು. ಇಲ್ಲಿನ ಸಮುದಾಯ ರೇಡಿಯೋದಲ್ಲಿ ಜಾಹೀರಾತು ಇಲ್ಲ. ಪ್ರಾಯೋಜಕರ ಹೆಸರು ಹೇಳಬಹುದು, ಗಂಟೆಗೆ 5 ನಿಮಿಷದ ಮಿತಿಯಲ್ಲಿ, ಇಂಥವರು ನಮಗೆ ನೆರವಾಗುತ್ತಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ಯುಗಾದಿಗೆ ಊಟದಲ್ಲಿ ರಿಯಾಯಿತಿ ಕೊಟ್ಟ ಹೋಟೆಲಿನವರೊಬ್ಬರು ಅತಿಥಿಯಾಗಿ ಬಂದಾಗ ನನಗೆ ಭಯ. ಹೋಟೆಲ್ ಹೆಸರು ಬೇಡ ಸಾರ್, ಇಲ್ಲಿನ ಜುಲೈ ತಿಂಗಳ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರಿಸೋದು ಹೇಗೆ ಅದನ್ನ ಹೇಳಿ ಎಂದೆ. ಓವನ್ನಿನೊಳಗೆ ಬರೀ ಲೈಟ್ ಹಾಕಿ ರಾತ್ರಿಯಿಡೀ ಪಾತ್ರೆ ಇಡುವುದರಿಂದ ಹಿಡಿದು, ಉಪ್ಪು ಯಾವಾಗ ಹಾಕಬೇಕು ಎಂಬವರೆಗೆ ಹತ್ತು ನಿಮಿಷ ಹೇಳಿದರು. ಮುಂದಿನ ವಾರ ಯಾವ ಹೋಟೆಲ್ ಅದು ಎಂದು ನನಗೆ ಬಂದ ಫೋನ್‌ಗಳನ್ನು ಎಣಿಸಲಿಲ್ಲ.

ನನ್ನ ಅತಿ ದೊಡ್ಡ ಪ್ರಮಾದವನ್ನೂ ಹೇಳಿಬಿಡುತ್ತೇನೆ. ನಿವೃತ್ತ ಮೇಷ್ಟರೊಬ್ಬರು ಬಂದಿದ್ದರು. ಹಿರಿಯರ ಎದುರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವುದು ಮರ್ಯಾದೆಯಲ್ಲ ಎನಿಸಿ ತೆಗೆದಿಟ್ಟೆ. ಅವರ ಮೈಕಿನ ದನಿ ಏರಿಸುವ ಫೇಡರ್ ಮೇಲೆ ಸರಿಸಿರಲೇ ಇಲ್ಲ. ಹೆಡ್‌ಫೋನ್ ಇದ್ದಿದ್ದರೆ ತಕ್ಷಣ ತಿಳಿಯುತ್ತಿತ್ತು. ಅವರ ಮಾತು ಬಾವಿಯೊಳಗಿಂದ ಬಂದ ಹಾಗೆ. ಜೋರಾಗಿ ಕೇಳಿಸಿದ್ದು ನನ್ನದೇ, “ಹೌದಾ... ಅಯ್ಯೋ... ಆಮೇಲೆ? ಹೌದೌದು... ಅಬ್ಬಾ!” ಇಪ್ಪತ್ತು ನಿಮಿಷ. ಹೆಂಡತಿ ಜೊತೆ ಫೋನಲ್ಲಿ ಮಾತಾಡ್ತಾ ಇದ್ರಾ ಎಂದು ಒಬ್ಬರು ಕೇಳಿದರು. ಮೇಷ್ಟರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಸಲ ಬಂದರು. ಆ ರೆಕಾರ್ಡಿಂಗ್ ಕೇಳಿದ ಮೇಲೆ ನನಗೇ ನಾಚಿಕೆಯಾಯಿತು, ಒಬ್ಬರು ಒಂದು ವಾಕ್ಯ ಮುಗಿಸುವುದರೊಳಗೆ ಎರಡು ‘ಹೌದು’ ಹಾಕುತ್ತೇನೆ. ಈಗ ಬರೀ ತಲೆಯಾಡಿಸುತ್ತೇನೆ. ಕುತ್ತಿಗೆ ನೋವು ಜಾಸ್ತಿಯಾಗಿದೆ, ಅದು ಬೇರೆ ವಿಷಯ.

ಕಾರ್ಯಕಾರಿ ಸಮಿತಿಯಲ್ಲಿ ಪ್ರತಿ ಸಲ ಒಂದು ಪ್ರಶ್ನೆ ಏಳುತ್ತದೆ. ಈ ಕಾಲದಲ್ಲಿ ರೇಡಿಯೋ ಯಾರು ಕೇಳ್ತಾರೆ? ಸರ್ಕಾರದ ಬಹುಭಾಷಾ ರೇಡಿಯೋ ಎಸ್‌ಬಿಎಸ್‌ನಲ್ಲಿ ಕನ್ನಡ ಇದೆಯಲ್ಲ, ಪಾಡ್‌ಕಾಸ್ಟ್ ಇದೆಯಲ್ಲ?

ಇದೆ. ಅವರ ಕೆಲಸ ಅವರದು. ಆ ಎಸ್‌ಬಿಎಸ್ ಬೇರು ಇರುವುದೂ ಇಂಥದೇ ಸಣ್ಣ ಸ್ಟೇಷನ್ನುಗಳಲ್ಲಿ ಅಲ್ವಾ? ಮೆಡಿಬ್ಯಾಂಕ್ ಎಂಬ ಹೊಸ ಆರೋಗ್ಯ ಯೋಜನೆಯನ್ನು ಇಂಗ್ಲಿಷ್ ಬಾರದ ವಲಸಿಗರಿಗೆ ತಿಳಿಸಬೇಕೆಂದು 1975ರಲ್ಲಿ ಸಿಡ್ನಿಯಲ್ಲಿ 2ಇಎ, ನಮ್ಮ ಮೆಲ್ಬರ್ನಿನಲ್ಲಿ 3ಇಎ ಎಂಬ ಸ್ಟೇಷನ್ನುಗಳು ಹುಟ್ಟಿದವು. 1989ರಿಂದ ತ್ರೀ ಟ್ರಿಪಲ್ ಝೆಡ್ ಎಂಬ ಸಮುದಾಯ ಸ್ಟೇಷನ್ ಇಲ್ಲಿನ ಹತ್ತಾರು ಭಾಷೆಗಳನ್ನು ಎಫ್‌ಎಂ 92.3ರಲ್ಲಿ ಬಿತ್ತರಿಸುತ್ತಿದೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ರೇಡಿಯೋಗೆ ಅಂಟಿಕೊಂಡದ್ದು ಅಲ್ಲಿ. ಈಚೆಗೆ ಬಂದರೆ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ರೇಡಿಯೋದವರಿಗೆ ಗಾಳಿಯಲ್ಲಿ ಬಿತ್ತರಿಸಲು ಪರವಾನಗಿಯೇ ಇರಲಿಲ್ಲ. ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ನಮಗೆ ಸ್ಟುಡಿಯೋ ಇದೆ, ಹೀಟರ್ ಇದೆ. ದೂರುವುದಕ್ಕೆ ಏನೂ ಉಳಿದಿಲ್ಲ.

ಪಾಡ್‌ಕಾಸ್ಟನ್ನು ಹುಡುಕಿಕೊಂಡು ಹೋಗಬೇಕು. ರೇಡಿಯೋ ಹಾಗಲ್ಲ, ಸ್ಟೇಷನ್ ಬದಲಿಸುವಾಗ ಯಾರೋ ಸಿಕ್ಕಿಬೀಳುತ್ತಾರೆ. ಹಾಗೆ ಸಿಕ್ಕಿಬಿದ್ದವರು ನನ್ನ ಪಕ್ಕದ ಮನೆಯ ಇಟಾಲಿಯನ್ ತಾತ. ಚಿಕ್ಕ ವಯಸ್ಸಿನಲ್ಲಿ ಹಡಗಿನಲ್ಲಿ ಬಂದವರು. ನನ್ನ ದನಿ ಗುರುತು ಹಿಡಿದು, ಬೇಲಿಯ ಮೇಲಿಂದ, ನೀನು ಭಾನುವಾರ ಯಾರನ್ನೋ ಬೈಯ್ತಾ ಇದ್ದೀಯಲ್ಲ ಎಂದರು. ಬೈಗುಳವಲ್ಲ ತಾತ, ಕನ್ನಡ, ಎಂದೆ. ಮುಂದಿನ ತಿಂಗಳು ಅವರನ್ನೇ ಕರೆದುಕೊಂಡು ಹೋದೆ.

ಪ್ರತಿ ಬೇಸಿಗೆಯ ಕೊನೆಗೆ ಅವರ ಗ್ಯಾರೇಜಿನಲ್ಲಿ ಟೊಮೆಟೊ ಜಾತ್ರೆ. ಮಕ್ಕಳು, ಮೊಮ್ಮಕ್ಕಳು, ಪೆಟ್ಟಿಗೆಗಟ್ಟಲೆ ಹಣ್ಣು. ಯಂತ್ರದಲ್ಲಿ ತಿರುವಿ, ಸಿಪ್ಪೆ-ಬೀಜ ಬೇರೆ ಮಾಡಿ, ರಸವನ್ನು ಬಾಟಲಿಗೆ ತುಂಬಿ, ಬಾಟಲಿ ಬಾಟಲಿಗೆ ತಾಗಿ ಒಡೆಯದಂತೆ ನಡುವೆ ಹಳೆ ಬಟ್ಟೆ ತುರುಕಿ, ದೊಡ್ಡ ಡ್ರಮ್ಮಿನಲ್ಲಿ ಕುದಿಸುತ್ತಾರೆ. ವರ್ಷಕ್ಕಾಗುವಷ್ಟು. ನಾನು ಕನ್ನಡಕ್ಕೆ ಹೇಳುತ್ತಾ ಹೋದೆ. ಅವರು ‘ಸಾಲ್ಸಾ’ ಎಂದಾಗ ತೋಚದೆ ಗೊಜ್ಜು ಎಂದುಬಿಟ್ಟೆ. ಕಾರ್ಯಕ್ರಮ ಮುಗಿಯುವ ಮೊದಲೇ ಫೋನ್. ಶಿರಸಿ ಅಜ್ಜಿ.

“ಒಗ್ಗರಣೆನೇ ಇಲ್ಲ, ಗೊಜ್ಜು ಎಂತದಾ?”

ಅಜ್ಜಿ ಊರಿಗೆ ಹೋಗಿ ಮೂರು ತಿಂಗಳಾಯಿತು. ಹೋಗುವ ಮೊದಲು ತಾತನ ಹಿತ್ತಲಿಗೆ ಬಸಳೆ ಕುಡಿ ಕೊಟ್ಟು ಹೋಗಿದ್ದಾರೆ. ಬದುಕಿದೆಯಾ ಎಂದು ನನ್ನನ್ನು ಕೇಳಬೇಡಿ, ತಾತ ಅದನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ ತಿಂದರು.

ಈಗ ಒಂದು ಕೋರಿಕೆ. ಪ್ರಸಾರವಾದದ್ದರ ಪ್ರತಿಯನ್ನು ಸ್ಟೇಷನ್ನಿನವರು ಕಾಯ್ದಿಡಬೇಕಾದದ್ದು 6 ವಾರ ಮಾತ್ರ. ಯಾರಾದರೂ ದೂರು ಕೊಟ್ಟರೆ ಇನ್ನೂ ಸ್ವಲ್ಪ ದಿನ. ಅಜ್ಜಿಯ ಮಗಳು ಅಮ್ಮನ ದನಿ ಬೇಕೆಂದು ಫೋನ್ ಮಾಡಿದ್ದು ಏಳನೇ ವಾರ. ನಾನು ಪೆನ್ ಡ್ರೈವಿಗೆ ಹಾಕಿಕೊಂಡಿರಲಿಲ್ಲ. ಅಜ್ಜಿಯ ಬಗ್ಗೆ ದೂರು ಕೊಡುವ ಪುಣ್ಯಾತ್ಮರೂ ಯಾರೂ ಇರಲಿಲ್ಲ. ಈಗ ಪ್ರತಿ ಕಂತನ್ನೂ ಎರಡು ಕಡೆ ಇಟ್ಟುಕೊಳ್ಳುತ್ತಿದ್ದೇನೆ, ಆದರೆ ಆ ಭಾನುವಾರದ್ದು ಹೋಯಿತು. ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡಿದ್ದರೆ ದಯವಿಟ್ಟು ಕಳಿಸಿ. ಅರ್ಧವಿದ್ದರೂ ಸಾಕು. ಕೋಟು ಹಾಸುವುದಕ್ಕಿಂತ ಮೊದಲಿನ ಅರ್ಧ ಸಿಕ್ಕರೆ ಇನ್ನೂ ಒಳ್ಳೆಯದು, ಮಗಳು ಕೇಳುತ್ತಿರುವುದು ಅದನ್ನೇ.